ತೂಕ ಇಳಿದದ್ದು ಮೂವತ್ತೆರಡು

ಗಂಟೆಯಣ್ಣ ಕಿಂಡಿಯಲ್ಲಿ ಸಿಕ್ಕಿಹಾಕಿಕೊಂಡ ದಿನ ಊರಿನಲ್ಲಿ ಹನ್ನೊಂದು ಗಂಟೆ ಎರಡು ಸಲ ಹೊಡೆಯಿತು ಎಂದು ಹೇಳುವವರಿದ್ದಾರೆ. ಅದು ಸುಳ್ಳು. ಹೊಡೆದದ್ದು ಒಂದೇ ಸಲ. ಎರಡನೆಯದು ಅವನು ಕಿರುಚಿಕೊಂಡದ್ದು.

ಕಿಂಡಿ ಎಂದರೆ ಗಡಿಯಾರದ ಗೋಪುರದ ಕಿಂಡಿ. ನೂರ ಹನ್ನೆರಡು ಕಲ್ಲಿನ ಮೆಟ್ಟಿಲು ಸುತ್ತಿ ಸುತ್ತಿ ಹತ್ತಬೇಕು. ಆಮೇಲೆ ಒಂದು ಮರದ ಏಣಿ. ಏಣಿಯ ತಲೆಗೆ ಹಲಗೆಯ ಛಾವಣಿ, ಆ ಛಾವಣಿಯಲ್ಲಿ ಚೌಕದ ಒಂದು ತೂತು. ಅದರಲ್ಲಿ ತೂರಿ ಮೇಲೆ ಎದ್ದರೆ ಗಡಿಯಾರದ ಕೋಣೆ. ಗಂಟೆಯಣ್ಣ ಇಪ್ಪತ್ತೆರಡು ವರ್ಷದಿಂದ ಸೋಮವಾರ ಸೋಮವಾರ ಆ ತೂತಿನಲ್ಲಿ ತೂರಿ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ. ಮೊದಮೊದಲು ಇಲಿಯಂತೆ ತೂರುತ್ತಿದ್ದ. ನಡುವೆ ಕೆಲವು ವರ್ಷ ಬೆಕ್ಕಿನಂತೆ. ಆಮೇಲೆ ಹೊಟ್ಟೆಯನ್ನು ಒಂದೊಂದು ಪಕ್ಕದಿಂದ ಒಳಗೆ ತುರುಕಿಕೊಂಡು, ದಿಂಬಿಗೆ ಕವರು ಹಾಕಿದ ಹಾಗೆ. ಈ ಸೋಮವಾರ ದಿಂಬು ಕವರಿಗೆ ಹಿಡಿಸಲಿಲ್ಲ. ತಲೆ ಹೋಯಿತು, ಒಂದು ಕೈ ಹೋಯಿತು, ಎದೆ ಅರ್ಧಕ್ಕೆ ಹೋಗಿ ನಿಂತಿತು. ಅಷ್ಟರಲ್ಲಿ ಗಂಟೆ ಅವನ ಕಿವಿಯ ಪಕ್ಕದಲ್ಲೇ ಹನ್ನೊಂದು ಸಲ ಬಾರಿಸಿತು.

ಗೋಪುರದ ಬುಡದಲ್ಲೇ ಅವನ ಅಕ್ಕನ ಇಸ್ತ್ರಿ ಅಂಗಡಿ. ಅರವತ್ತು ದಾಟಿದ, ಬಟ್ಟೆ ಒಣಹಾಕುವ ತಂತಿಯಷ್ಟು ತೆಳ್ಳಗಿನ ಹೆಂಗಸು. ಕಿರುಚಾಟ ಕೇಳಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ಕೈಯಲ್ಲೇ ಇಟ್ಟುಕೊಂಡು ನೂರ ಹನ್ನೆರಡು ಮೆಟ್ಟಿಲನ್ನೂ ಹತ್ತಿ ಬಂದು ನೋಡಿದರೆ, ಛಾವಣಿಯಿಂದ ಎರಡು ಕಾಲು ನೇತಾಡುತ್ತಿವೆ.

"ಲೋ, ಒಳಗೆ ಹೋಗ್ತಿದ್ದೀಯೋ, ಹೊರಗೆ ಬರ್ತಿದ್ದೀಯೋ?"

"ಎರಡೂ ಇಲ್ಲ ಅಕ್ಕಾ! ಎಳಿ!"

"ಎಳೀತೀನಿ. ಮೊದ್ಲು ಉಸಿರು ಪೂರ್ತಿ ಬಿಡು."

"ಬಿಟ್ಟಾಯ್ತು!"

"ಮತ್ತೆ ಈಗ ಮಾತಾಡ್ತಿರೋದು ಯಾರ ಉಸಿರಲ್ಲಿ?"

ಬಾಟಲಿಯ ನೀರಿಗೆ ಸೋಪಿನ ಚೂರು ಕಲಸಿ, ಕಿಂಡಿಯ ಸುತ್ತ ಚಿಮುಕಿಸಿ, ಎರಡು ಕಾಲಿಗೂ ನೇತುಬಿದ್ದಳು. ಗಂಟೆಯಣ್ಣ ಸೀಸೆಯ ಬಿರಡೆ ಕಿತ್ತಂತೆ 'ಪಟ್' ಎಂದು ಕೆಳಗೆ ಬಂದ. ಆ ಸದ್ದಿಗೆ ಗೋಪುರದ ಪಾರಿವಾಳಗಳೆಲ್ಲ ಹಾರಿ, ಮೂರು ದಿನ ವಾಪಸು ಬರಲಿಲ್ಲವಂತೆ.

ಗಡಿಯಾರಕ್ಕೆ ಕೀಲಿ ಕೊಡಲೇಬೇಕಿತ್ತು. ಅಕ್ಕನೇ ಕಿಂಡಿಯಲ್ಲಿ ತೂರಿ ಮೇಲೆ ಹೋದಳು. ಅವನು ಏಣಿಯ ಬುಡದಲ್ಲಿ ಕೂತು ಸುತ್ತು ಎಣಿಸಿದ. ಇನ್ನೂರ ಹತ್ತು. ಇಳಿದು ಬಂದ ಅಕ್ಕ ಕೈ ಒರೆಸಿಕೊಂಡು, "ಇಷ್ಟೇನಾ? ಇದಕ್ಕೆ ಸಂಬಳ ಬೇರೆ ಕೊಡ್ತಾರಾ ನಿಂಗೆ?" ಎಂದಳು.

ಅವನಿಗೆ ನಗು ಬರಲಿಲ್ಲ. ಗೋಪುರ ನೋಡಿಕೊಳ್ಳುವ ಪುರಸಭೆ ಆಫೀಸಿನವರ ಉಗ್ರಾಣದಲ್ಲಿ ಒಂದು ಮೋಟಾರು ಪೆಟ್ಟಿಗೆಯಲ್ಲಿ ಕಾಯುತ್ತ ಕೂತಿದೆ ಎಂದು ಅವನಿಗೆ ಗೊತ್ತಿತ್ತು. ಹೋದ ವರ್ಷವೇ ಅವರು ಕಾಗದ ಬರೆದು ಹೇಳಿದ್ದರು: ನಿಮ್ಮ ಕೈಯಿಂದ ಕೀಲಿ ಕೊಡಲು ಆಗುವ ತನಕ ಕೊಡಿ, ಆಗದ ದಿನ ಮೋಟಾರು ಹಾಕುತ್ತೇವೆ, ನಿಮ್ಮನ್ನು ಆಫೀಸಿನ ಕಿಟಕಿಯಲ್ಲಿ ಟೋಕನ್ ಕೊಡಲು ಕೂರಿಸುತ್ತೇವೆ. ಟೋಕನ್ ಕೊಡುವುದು! ಇಪ್ಪತ್ತೆರಡು ವರ್ಷ ಊರಿಗೇ ಹೊತ್ತು ಹಂಚಿದವನು ಕಿಟಕಿಯ ಹಿಂದೆ ಕೂತು ನಂಬರು ಹಂಚಬೇಕೇ? ಅವನು ಕಿಂಡಿಯಲ್ಲಿ ಹಿಡಿಸುತ್ತಿಲ್ಲ ಎನ್ನುವ ಸುದ್ದಿ ಆಫೀಸಿಗೆ ಮುಟ್ಟಿದರೆ ಮುಗಿಯಿತು.

"ಅಕ್ಕಾ, ಇದು ನಿನ್ನಲ್ಲೇ ಇರ್ಲಿ. ಹತ್ತು ದಿನ ಟೈಮ್ ಕೊಡು. ಹತ್ತು ಕಿಲೋ ಇಳಿಸ್ತೀನಿ."

"ಎಲ್ಲಿ ಇಳಿಸ್ತೀಯ? ನನ್ನ ಅಂಗಡಿ ಮುಂದೆ ಬೇಡಪ್ಪ, ಜಾಗ ಇಲ್ಲ."

ಮೊದಲ ದಿನ ಬರೀ ಬಿಸಿನೀರು. ಎರಡನೆಯ ದಿನವೂ ಬಿಸಿನೀರು. ಸಾಯಂಕಾಲದ ಹೊತ್ತಿಗೆ ಗೋಡೆಯ ಇಟ್ಟಿಗೆಗಳು ಬ್ರೆಡ್ಡಿನಂತೆ ಕಾಣತೊಡಗಿದವು. ಮೂರನೆಯ ದಿನ ಎರಡು ಕೈಯಲ್ಲೂ ಒಂದೊಂದು ಇಟ್ಟಿಗೆ ಹಿಡಿದು, ಬ್ರೆಡ್ಡಲ್ಲ ಇಟ್ಟಿಗೆಯೇ ಎಂದು ಎರಡು ಸಲ ಮೂಸಿ ಖಾತ್ರಿ ಮಾಡಿಕೊಂಡು, ಮೆಟ್ಟಿಲ ಮೇಲೆ ಓಡತೊಡಗಿದ. ಐವತ್ತನೆಯ ಮೆಟ್ಟಿಲಿನಲ್ಲಿ ಗೋಪುರವೇ ಗಿರ್ರನೆ ತಿರುಗಿತು. ಕಣ್ಣು ಬಿಟ್ಟಾಗ ಅಕ್ಕ ಮುಖಕ್ಕೆ ಇಸ್ತ್ರಿ ಬಾಟಲಿಯಿಂದ ನೀರು ಚಿಮುಕಿಸುತ್ತಿದ್ದಳು.

"ಸುಕ್ಕು ಹೋಗ್ಲಿ ಅಂತ," ಎಂದಳು.

ಬೀದಿಯ ಮೂಲೆಯ ಸಣ್ಣ ಆಸ್ಪತ್ರೆಗೆ ಕೈಹಿಡಿದು ನಡೆಸಿಕೊಂಡು ಹೋದಳು. ಅಲ್ಲಿದ್ದದ್ದು ನರ್ಸಮ್ಮ. ಗಟ್ಟಿ ದನಿಯ, ದೊಡ್ಡ ಕನ್ನಡಕದ ಹೆಂಗಸು. ಗ್ಲೂಕೋಸು ಕುಡಿಸಿ, ನಾಡಿ ನೋಡಿ, ರಕ್ತದ ಒತ್ತಡ ನೋಡಿ, ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಗಂಟೆಯಣ್ಣ ಕಣ್ಣು ಮುಚ್ಚಿಕೊಂಡ.

"ಕಣ್ಣು ಬಿಡಿ ಗಂಟೆಯಣ್ಣಾ. ನಂಬರು ಕಚ್ಚಲ್ಲ."

ನೂರ ನಾಲ್ಕು.

"ಪರವಾಗಿಲ್ಲ ಕಣೋ," ಎಂದಳು ಅಕ್ಕ, "ಮೆಟ್ಟಿಲಿಗಿಂತ ಎಂಟು ಕಮ್ಮಿನೇ ಇದೀಯ."

ನರ್ಸಮ್ಮ ಕನ್ನಡಕದ ಮೇಲಿಂದ ನೋಡಿದಳು. "ಅಮ್ಮಾ, ಆಡ್ಕೊಂಡ್ರೆ ಕೊಬ್ಬು ಕರಗೋ ಹಾಗಿದ್ರೆ ನಾನು ಔಷಧಿ ಬದಲು ಬೈಗುಳಾನೇ ಚೀಟಿ ಬರ್ಕೊಡ್ತಿದ್ದೆ. ತಮ್ಮನ್ನ ರೇಗಿಸ್ಲೇಬೇಕು ಅಂದ್ರೆ ಬೇರೆ ಏನಾದ್ರೂ ಹುಡುಕ್ಕೊಳ್ಳಿ."

"ಹಾಡ್ತಾನೆ. ಕೆಟ್ಟದಾಗಿ."

"ಹಾಂ, ಅದನ್ನ ಇಟ್ಕೊಳ್ಳಿ." ಆಮೇಲೆ ಅವನ ಕಡೆ ತಿರುಗಿದಳು. "ಹತ್ತು ದಿನಕ್ಕೆ ಹತ್ತು ಕಿಲೋ ಅಂದ್ರಾ? ನಿಮ್ಮ ಗಡಿಯಾರದಲ್ಲೂ ಒಂದು ತೂಕ ಇಳಿಯುತ್ತಲ್ವಾ, ಅದರ ಬಲದಲ್ಲೇ ತಾನೆ ಅದು ಓಡೋದು? ಆ ತೂಕ ಇಳಿಯೋಕೆ ಎಷ್ಟು ದಿನ?"

"ಒಂದು ವಾರ. ಮೂವತ್ತೆರಡು ಅಡಿ. ಒಂದು ಅಡಿ ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಒಂದೇ ದಿನದಲ್ಲಿ ಇಳಿದ್ರೆ?"

ಗಂಟೆಯಣ್ಣ ಸುಸ್ತೆಲ್ಲ ಮರೆತು ಯಂತ್ರದಿಂದ ಇಳಿದು ಬಂದ. "ಒಂದು ದಿನ ಏನು ಬಂತು, ಒಂದೇ ಸಲಕ್ಕೆ ಇಳಿದಿತ್ತು ನರ್ಸಮ್ಮಾ! ನಾನು ಸೇರೋಕೆ ಮುಂಚೆ. ತಡೆಯೋ ಹಲ್ಲು ಮುರಿದು ಕಬ್ಬಿಣದ ಗುಂಡು ಸರ್ರಂತ ಇಳೀತು. ಮುಳ್ಳು ಫ್ಯಾನ್ ತಿರುಗಿದ ಹಾಗೆ ತಿರುಗಿ, ಬೆಳಗ್ಗೆ ಎಂಟಕ್ಕೇ ಸಾಯಂಕಾಲ ಐದು ಹೊಡೆದುಬಿಡ್ತು. ಶಾಲೆ ಮಕ್ಕಳೆಲ್ಲ ಚೀಲ ಎತ್ಕೊಂಡು ಮನೆಗೆ ಹೋದ್ರು. ಗುಂಡು ಹೋಗಿ ಕಾವಲುಗಾರನ ಮಂಚದ ಮೇಲೆ ಬಿತ್ತು, ನಾಲ್ಕು ಕಾಲೂ ನೆಲದೊಳಗೆ ಹೂತುಹೋಯ್ತು. ಅವನು ಪುಣ್ಯಕ್ಕೆ ಟೀ ಕುಡಿಯೋಕೆ ಹೋಗಿದ್ದ. ಅವತ್ತಿಂದ ಬದುಕಿರೋ ತನಕ ಟೀ ಬಿಡ್ಲಿಲ್ಲ."

"ಗಡಿಯಾರ?"

"ಐದು ತಿಂಗಳು ಕೆಟ್ಟು ನಿಂತಿತ್ತು."

"ಹೂಂ," ಎಂದಳು ನರ್ಸಮ್ಮ. "ಮೂರು ದಿನದಿಂದ ನೀವು ಮಾಡ್ತಿರೋದೂ ಅದೇ ಕೆಲ್ಸ."

"ಮತ್ತೆ ಏನ್ ಮಾಡ್ಲಿ?" ಎಂದು ಗಂಟೆಯಣ್ಣ ಕೇಳಿದ.

"ಈ ವಾರ ಏನೂ ಮಾಡ್ಬೇಡಿ. ಹಸಿವಾದಾಗ ಊಟ ಮಾಡಿ, ನಿದ್ದೆ ಬಂದಾಗ ಮಲಗಿ. ಬಾಯೊಳಗೆ ಹೋಗೋದನ್ನೆಲ್ಲ ಬರ್ದಿಡಿ, ಒಂದು ಗೆರೆ ಎಳೆದ್ರೂ ಸಾಕು. ಮೆಟ್ಟಿಲು ನಿಧಾನಕ್ಕೆ ಹತ್ತಿ, ಏದುಸಿರು ಬಂದಲ್ಲಿ ನಿಂತು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎದೆ ನೋವು ಗೀವು ಬಂದ್ರೆ ಮಾತ್ರ ನಿಲ್ಲೋದಲ್ಲ, ಸೀದಾ ಇಲ್ಲಿಗೆ ಬರೋದು. ಮುಂದಿನ ಸೋಮವಾರದಿಂದ ವಾರಕ್ಕೊಂದು ಚೀಟಿ ಕಳ್ಸಿ: ತೂಕ ಎಷ್ಟು, ಎಲ್ಲಿ ನೋವು, ಎಷ್ಟು ಕಡೆ ನಿಂತ್ರಿ. ಇಲ್ಲೇ ಬೆಳಗ್ಗೆ ಬಂದು ತೂಗ್ಕೊಂಡು ಹೋಗಿ, ನಾನಿಲ್ದಿದ್ರೂ ಯಂತ್ರ ಇರುತ್ತೆ."

"ಬರೀ ನೋಡೋದಾ?"

"ಕೆಟ್ಟ ಗಡಿಯಾರ ಬಂದ್ರೆ ನೀವು ಮೊದ್ಲು ಏನ್ ಮಾಡ್ತೀರಿ?"

"ಕಿವಿ ಇಟ್ಟು ಕೇಳ್ತೀನಿ."

"ಅಷ್ಟೇ ಮತ್ತೆ."

ಈ ಮಾತು ಗಂಟೆಯಣ್ಣನ ತಲೆ ಹೊಕ್ಕಿತು. ಮನೆಗೆ ಬರುತ್ತ ಅವನಿಗೆ ಹೊಟ್ಟೆಯ ಮೇಲೆ ಇದ್ದ ಸಿಟ್ಟೆಲ್ಲ ಹೋಗಿ, ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರ ಮೇಲೆ ಇರುವಂಥ ಕುತೂಹಲ ಹುಟ್ಟಿತು. ಇದು ಎಷ್ಟು ಹೊತ್ತಿಗೆ ಏಳುತ್ತದೆ? ಏನು ಕೇಳುತ್ತದೆ? ಸುಮ್ಮನೆ ಕೇಳುತ್ತದೋ, ನಿಜಕ್ಕೂ ಬೇಕಾಗಿ ಕೇಳುತ್ತದೋ?

ಊಟ ನೋಡಿದರೆ ಅಂಥದ್ದೇನಿರಲಿಲ್ಲ. ಅಕ್ಕ ಮಾಡಿದ್ದನ್ನು ಅಕ್ಕನಿಗಿಂತ ಒಂದು ಸೌಟು ಹೆಚ್ಚು ತಿನ್ನುತ್ತಿದ್ದ, ಅಷ್ಟೆ. ಹಾಗಾದರೆ ನೂರ ನಾಲ್ಕು ಎಲ್ಲಿಂದ ಬಂತು? ಗಾಳಿ ಕುಡಿದು ಊದಲು ಅವನೇನು ಬಲೂನೇ? ಎರಡನೆಯ ದಿನ ಬೆಳಗ್ಗೆ ಏಳು ಗಂಟೆ ಹೊಡೆಯುವಾಗ ಅವನ ಕೈ ತಾನಾಗಿ ಜೇಬಿಗೆ ಹೋದದ್ದು ಅವನ ಕಣ್ಣಿಗೆ ಬಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲನೆಯ ಸಲ!

ವಿಷಯ ಏನೆಂದರೆ, ಗಂಟೆ ಲೆಕ್ಕ ತಪ್ಪದೆ ಹೊಡೆಯುತ್ತದೋ ಇಲ್ಲವೋ ಎಂದು ನೋಡುವುದು ಅವನ ಕೆಲಸ. ಒಳಗೊಳಗೇ ಎಣಿಸಿದರೆ ಅವನಿಗೆ ಏಳಾದ ಮೇಲೆ ಒಂಬತ್ತು ಬರುತ್ತಿತ್ತು. ಅದಕ್ಕೇ ಸೇರಿದ ಹೊಸದರಲ್ಲಿ ಒಂದು ಉಪಾಯ ಮಾಡಿಕೊಂಡಿದ್ದ. ಹೆಬ್ಬೆರಳ ಉಗುರಿನಷ್ಟು ಸಣ್ಣ ಬೆಣ್ಣೆ ಬಿಸ್ಕತ್ತನ್ನು ಜೇಬು ತುಂಬಿಟ್ಟುಕೊಳ್ಳುವುದು. ಐದು ಗಂಟೆಗೆ ಐದು ತೆಗೆದು ಅಂಗೈಯಲ್ಲಿಟ್ಟು, ಒಂದೊಂದು ಹೊಡೆತಕ್ಕೆ ಒಂದೊಂದು ಬಾಯಿಗೆ ಹಾಕುವುದು. ಕೊನೆಯ ಹೊಡೆತಕ್ಕೆ ಅಂಗೈ ಖಾಲಿಯಾದರೆ ಲೆಕ್ಕ ಸರಿ. ಒಂದು ಉಳಿದರೆ ಗಡಿಯಾರ ತಪ್ಪು, ಒಂದು ಸಾಲದೆ ಬಂದರೂ ಗಡಿಯಾರ ತಪ್ಪು. ಇದು ತಿನ್ನುವುದು ಎಂದು ಅವನಿಗೆ ಕನಸಿನಲ್ಲೂ ಅನಿಸಿರಲಿಲ್ಲ. ಇದು ಡ್ಯೂಟಿ.

ಮರುದಿನ ಬೆಳಗ್ಗೆ ಐದರಿಂದ ರಾತ್ರಿ ಒಂಬತ್ತರ ತನಕ ಒಂದೊಂದಕ್ಕೂ ಗೆರೆ ಎಳೆದ. ಮಲಗುವ ಮುಂಚೆ ಅಕ್ಕನ ಮುಂದೆ ಹಾಳೆ ಹಿಡಿದ. ಅಕ್ಕ ಬೆರಳು ಮಡಚಿ ಮಡಚಿ ಕೂಡಿದಳು.

"ನೂರ ಹದಿಮೂರು."

"ಏನು?"

"ಬಿಸ್ಕತ್ತು ಕಣೋ. ದಿನಕ್ಕೆ ನೂರ ಹದಿಮೂರು. ಮೆಟ್ಟಿಲಿಗೊಂದು ಇಟ್ಕೊಂಡು ಹೋದ್ರೂ ತುದಿಯಲ್ಲಿ ಒಂದು ಮಿಗುತ್ತೆ."

"ನಾನಲ್ಲ ಅಕ್ಕಾ ತಿಂದಿದ್ದು," ಎಂದ ಗಂಟೆಯಣ್ಣ, "ಗಡಿಯಾರ ತಿಂದಿದೆ."

"ಸರಿ ಬಿಡು. ಗಡಿಯಾರದ ಹೊಟ್ಟೆ ನೀನ್ಯಾಕೆ ಹೊತ್ಕೊಂಡು ತಿರುಗ್ತೀಯ?"

ಇಸ್ತ್ರಿ ಅಂಗಡಿಯಲ್ಲಿ ಊರವರ ಅಂಗಿಯಿಂದ ಉದುರಿದ ಗುಂಡಿಗಳು ಒಂದು ಡಬ್ಬಿ ತುಂಬ ಇದ್ದವು. ಅಕ್ಕ ಹನ್ನೆರಡು ಗುಂಡಿ ಆರಿಸಿ ಕೊಟ್ಟಳು. ಒಂದು ಹೊಡೆತಕ್ಕೆ ಒಂದು ಗುಂಡಿ, ಎಡ ಜೇಬಿನಿಂದ ಬಲ ಜೇಬಿಗೆ. ಮೊದಲ ದಿನ ಅಭ್ಯಾಸಬಲದಿಂದ ಎರಡು ಗುಂಡಿ ನುಂಗಿದ ಎನ್ನುತ್ತಾರೆ. ಒಂದೇ ಎನ್ನುವುದು ಅವನ ಮಾತು. ಬಿಸ್ಕತ್ತು ಪೂರ್ತಿ ಬಿಡಬೇಕೇ ಎಂದು ನರ್ಸಮ್ಮನನ್ನು ಕೇಳಿದ್ದಕ್ಕೆ ಅವಳು ಬೇಡವೇ ಬೇಡ ಎಂದಳು. "ಪೂರ್ತಿ ಬಿಟ್ರೆ ಎಂಟನೇ ದಿನ ಡಬ್ಬೀನೇ ನುಂಗ್ತೀರಿ. ಸಾಯಂಕಾಲ ಟೀ ಜೊತೆ ಮೂರು ಇರ್ಲಿ. ಕೂತು, ರುಚಿ ನೋಡಿ ತಿನ್ನಿ." ಕೂತು ರುಚಿ ನೋಡಿದಾಗ ಗಂಟೆಯಣ್ಣನಿಗೆ ಇನ್ನೊಂದು ಆಶ್ಚರ್ಯ. ಆ ಬಿಸ್ಕತ್ತಿನಲ್ಲಿ ಉಪ್ಪು ಇತ್ತು! ಅಷ್ಟು ವರ್ಷ ತಿಂದೂ ಅವನಿಗದು ಗೊತ್ತೇ ಇರಲಿಲ್ಲ.

ಅಲ್ಲಿಂದ ಮುಂದೆ ಅವಸರವಿಲ್ಲದ ವಾರಗಳು. ತಟ್ಟೆಯಲ್ಲಿ ತರಕಾರಿ ಕಾಳು ಜಾಸ್ತಿಯಾಯಿತು, ಊಟ ಮಾತ್ರ ಹೊಟ್ಟೆ ತುಂಬ. ಮಂಡಿ ಗಟ್ಟಿಯಾಗಲೆಂದು ದಿನಾ ಬೆಳಗ್ಗೆ ಕುರ್ಚಿಯಿಂದ ಹತ್ತು ಸಲ ಕೈ ಊರದೆ ಏಳುವುದು, ಕೂರುವುದು. ಮಧ್ಯಾಹ್ನ ಅಕ್ಕನ ಜೊತೆ ಇಸ್ತ್ರಿ ಬಟ್ಟೆ ಹಂಚಲು ನಾಲ್ಕು ಬೀದಿ ನಡೆಯುವುದು. ದಿನ ಬಿಟ್ಟು ದಿನ ಗೋಪುರ ಹತ್ತುವುದು. ಮೊದಲ ವಾರ ಸೀಮೆಸುಣ್ಣದ ಗುರುತು ಐದು ಕಡೆ: ಇಪ್ಪತ್ತೆಂಟು, ಐವತ್ತು, ಎಪ್ಪತ್ತೊಂದು, ಎಂಬತ್ತೆಂಟು, ನೂರ ಒಂದು. ಅವನಿಗೆ ಅದರದೇ ಹುಚ್ಚು ಹಿಡಿಯಿತು. ಇಪ್ಪತ್ತೆಂಟೇ ಯಾಕೆ? ಮೂವತ್ತು ಯಾಕಲ್ಲ? ನಿದ್ದೆ ಕೆಟ್ಟ ಮರುದಿನ ಗುರುತು ಕೆಳಗೆ ಜಾರುತ್ತದೆ. ಬೆಳಗಿನ ತಿಂಡಿ ಬಿಟ್ಟರೂ ಜಾರುತ್ತದೆ, ಹಟ ಮಾಡಿ ಬೇಗ ಹತ್ತಿದರಂತೂ ಜರ್ರನೆ ಜಾರುತ್ತದೆ. ಹಾಡುತ್ತ ಹತ್ತಿದರೆ ಉಸಿರು ಎಲ್ಲಿ ಸಾಲದು ಎಂದು ಹಾಡೇ ಹೇಳುತ್ತದೆ. ಹಾಗಾಗಿ ಹಾಡತೊಡಗಿದ. ನರ್ಸಮ್ಮ ಕೊಟ್ಟ ಪರವಾನಗಿ ಅಕ್ಕನಿಗೆ ಆಗ ಉಪಯೋಗಕ್ಕೆ ಬಂತು.

"ಲೋ, ಉಸಿರು ಬೆಳೀಲಿ ಅಂತ ಹತ್ತು. ಊರು ಖಾಲಿ ಆಗ್ಲಿ ಅಂತ ಹಾಡ್ಬೇಡ."

ಸೋಮವಾರದ ತೂಕ ಮಾತ್ರ ತನ್ನ ಇಷ್ಟದಂತೆ ನಡೆದುಕೊಳ್ಳುತ್ತಿತ್ತು. ಒಂದು ವಾರ ಒಂದು ಕಿಲೋ ಇಳಿಯಿತು, ಇವನು ಬೀದಿಗೆಲ್ಲ ಸಾರಿದ. ಮರುವಾರ ಎಳ್ಳಷ್ಟೂ ಅಲ್ಲಾಡಲಿಲ್ಲ. ಅದರ ಮರುವಾರ ಕಾಲು ಕಿಲೋ ಏರಿತು. ಅವತ್ತು ಗಂಟೆಯಣ್ಣ ಮುಖ ಊದಿಸಿಕೊಂಡು ಅಂಗಡಿಯ ಬಟ್ಟೆ ಮೂಟೆಯ ಮೇಲೆ ಕೂತುಬಿಟ್ಟ.

"ಸಾಕು ಅಕ್ಕಾ. ಟೋಕನ್ನೇ ಹಂಚ್ತೀನಿ."

ಅಕ್ಕ ಒಂದು ಅಂಗಿಯ ತೋಳು ಇಸ್ತ್ರಿ ಮಾಡಿ ಮುಗಿಸಿದಳು. ಇನ್ನೊಂದು ತೋಳಿಗೆ ಕೈಹಾಕುತ್ತ ಕೇಳಿದಳು: "ಇವತ್ತು ಎಷ್ಟು ಕಡೆ ನಿಂತೆ?"

"ಮೂರು."

"ಮೊದ್ಲು?"

"ಐದು."

"ಯಂತ್ರಕ್ಕೆ ಇದು ಗೊತ್ತಾಗ್ಲಿಲ್ಲ ಅಂದ್ರೆ ಅದು ಯಂತ್ರದ ಗ್ರಹಚಾರ. ಏಳು, ನನ್ನ ಬಟ್ಟೆ ಮುದುರ್ತಿದೆ."

ನರ್ಸಮ್ಮನೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದಳು: ನೀರು, ಉಪ್ಪು, ನಿದ್ದೆ, ಎಷ್ಟೋ ಕಾರಣಕ್ಕೆ ಮುಳ್ಳು ಹಿಂದೆ ಮುಂದೆ ಆಗುತ್ತದೆ, ಒಂದು ವಾರ ನೋಡಬೇಡಿ, ಎರಡು ತಿಂಗಳು ನೋಡಿ. ಗಂಟೆಯಣ್ಣ ತಲೆಯಾಡಿಸಿದ. ಗಡಿಯಾರವೂ ಚಳಿಗೆ ಅರ್ಧ ನಿಮಿಷ ಮುಂದೆ ಓಡುತ್ತದೆ, ಸೆಕೆಗೆ ಅರ್ಧ ನಿಮಿಷ ಹಿಂದೆ ಬೀಳುತ್ತದೆ; ಅದಕ್ಕೆಂದು ಯಾರೂ ಅದನ್ನು ಕಿತ್ತು ಬಿಸಾಡುವುದಿಲ್ಲ.

ಅಷ್ಟು ದಿನವೂ ಕಿಂಡಿಯೊಳಗೆ ಹೋಗಿ ಕೀಲಿ ಕೊಡುತ್ತಿದ್ದದ್ದು, ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದದ್ದು ಅಕ್ಕನೇ. ಆಫೀಸಿಗೆ ಗೊತ್ತಿರಲಿಲ್ಲ. ಆಫೀಸಿಗೂ ಸೋಮವಾರಕ್ಕೊಂದು ಚೀಟಿ ಕಳಿಸಬೇಕಿತ್ತು: ಗುಂಡಿನ ತೂಕ ಎಷ್ಟು ಅಡಿ ಇಳಿದಿದೆ, ಎಣ್ಣೆ, ಗಂಟೆ. ಗಂಟೆಯಣ್ಣ ಬೆಳಗ್ಗೆ ಎರಡೂ ಚೀಟಿ ಬರೆದಿಡುತ್ತಿದ್ದ. ಅಕ್ಕ ಬಟ್ಟೆ ಹಂಚಲು ಹೋಗುತ್ತ ಒಂದನ್ನು ಆಫೀಸಿಗೆ, ಒಂದನ್ನು ನರ್ಸಮ್ಮನಿಗೆ ಮುಟ್ಟಿಸಿ ಬಂದು, ಆಮೇಲೆ ಕೀಲಿ ಕೊಡುತ್ತಿದ್ದಳು. ಹತ್ತು ವಾರ ಹೀಗೇ ಸಾಗಿತು. ಹನ್ನೊಂದನೆಯ ಸೋಮವಾರ ಮಧ್ಯಾಹ್ನ ನರ್ಸಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಗೋಪುರಕ್ಕೆ ಓಡಿ ಬಂದಳು.

"ಎಲ್ಲಿ ಅವ್ರು? ಬದುಕಿದ್ದಾರಾ?"

ಗಂಟೆಯಣ್ಣ ಅಂಗಡಿಯ ಬಾಗಿಲಲ್ಲಿ ನಿಂತು ಟವೆಲ್ ಮಡಚುತ್ತಿದ್ದ. ನರ್ಸಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಚೀಟಿ ನೋಡಿ, ಮತ್ತೆ ಅವನನ್ನು ನೋಡಿದಳು. ಆಮೇಲೆ ಗಟ್ಟಿಯಾಗಿ ಓದಿದಳು: "'ತೂಕ ಇಳಿದದ್ದು ಮೂವತ್ತೆರಡು. ಎಣ್ಣೆ ಬಿಟ್ಟಿದ್ದೇನೆ. ಎಲ್ಲ ಸರಿಯಾಗಿದೆ.' ಏನ್ ಸರಿಯಾಗಿದೆ? ಒಂದು ವಾರಕ್ಕೆ ಮೂವತ್ತೆರಡು ಕಿಲೋನಾ? ಎಣ್ಣೆ ಪೂರ್ತಿ ಬಿಡಿ ಅಂತ ಯಾರು ಹೇಳಿದ್ರು ನಿಮಗೆ?"

"ನಾನೆಲ್ಲಿ ಬಿಟ್ಟೆ? ಅಕ್ಕ ಬಿಟ್ಟಳು. ಚಕ್ರಕ್ಕೆ."

ಮೊದಲು ನಕ್ಕವಳು ಅಕ್ಕ. ಮೊದಲು ನಗು ನಿಲ್ಲಿಸಿದವಳೂ ಅವಳೇ.

"ಲೋ... ಹಾಗಾದ್ರೆ ಆಫೀಸಿಗೆ ಹೋಗಿರೋದು ಯಾವ್ದು?"

ಬೆಳಗ್ಗೆ ತನ್ನ ಮೈಯ ಬಗ್ಗೆ ಬರೆದ ಚೀಟಿ ಅಕ್ಷರ ಅಕ್ಷರವಾಗಿ ಗಂಟೆಯಣ್ಣನ ಕಣ್ಣೆದುರು ಬಂತು. 'ತೂಕ ಇಳಿದಿಲ್ಲ. ಎಡಗಡೆ ಕೀಲಿನಲ್ಲಿ ಕಟಕಟ ಸದ್ದು. ಈ ವಾರ ಮಧ್ಯದಲ್ಲಿ ಎಲ್ಲೂ ನಿಂತಿಲ್ಲ, ಆಶ್ಚರ್ಯ.'

ಅವನು ಬಾಯಿ ತೆರೆಯುವುದರೊಳಗೆ ಆಫೀಸಿನ ಇಂಜಿನಿಯರ್ ಸಾಹೇಬರ ಸ್ಕೂಟರು ಬಂದು ಬಾಗಿಲಲ್ಲಿ ನಿಂತಿತು. ಒಣಕಲು ಮೈಯ, ಜೇಬಿನಲ್ಲಿ ನಾಲ್ಕು ಪೆನ್ನಿನ ಮನುಷ್ಯ. ಕೈಯಲ್ಲಿ ಚೀಟಿ.

"ಏನ್ರೀ ಇದು? ತೂಕ ಇಳಿದಿಲ್ಲ ಅಂತೀರಿ, ಗಡಿಯಾರ ನಿಂತಿಲ್ಲ ಅಂತೀರಿ. ತೂಕ ಇಳೀದೆ ಗಡಿಯಾರ ಹೇಗ್ರೀ ಓಡುತ್ತೆ? ನಿಮಗೇ ಆಶ್ಚರ್ಯ ಬೇರೆ! ನಡೀರಿ ಮೇಲೆ, ನನ್ನೆದುರಿಗೆ ಕೀಲಿ ಕೊಟ್ಟು ತೋರ್ಸಿ. ಏನಾದ್ರೂ ಎಡವಟ್ಟು ಇದ್ರೆ ಇದೇ ವಾರ ಮೋಟಾರು ಹಾಕಿಬಿಡೋದೇ."

ಹತ್ತಿದರು. ಮುಂದೆ ಗಂಟೆಯಣ್ಣ, ಹಿಂದೆ ಸಾಹೇಬರು, ಅವರ ಹಿಂದೆ ಅಕ್ಕ, ಅಕ್ಕನ ಹಿಂದೆ ನರ್ಸಮ್ಮ. ಐವತ್ತರಲ್ಲಿ ಸಾಹೇಬರು ಗೋಡೆ ಹಿಡಿದರು. ಎಂಬತ್ತೆಂಟರಲ್ಲಿ ಕೂತೇಬಿಟ್ಟರು. ಗಂಟೆಯಣ್ಣ ಎರಡು ಮೆಟ್ಟಿಲು ಮೇಲೆ ನಿಂತು ಅವರಿಗಾಗಿ ಕಾದ. ಅವನ ಉಸಿರು ಏರಿತ್ತು, ಆದರೆ ಕಟ್ಟಿರಲಿಲ್ಲ. ಇನ್ನೊಂದು ದಿನವಾಗಿದ್ದರೆ ಅದಕ್ಕೇ ಒಂದು ಹಾಡು ಹಾಡುತ್ತಿದ್ದ.

ತುದಿಗೆ ಬಂದ ಮೇಲೆ ಸಾಹೇಬರು ಅಂಚೆಪೆಟ್ಟಿಗೆಯಲ್ಲಿ ಕಾಗದ ಹಾಕಿದಷ್ಟು ಸುಲಭವಾಗಿ ಕಿಂಡಿಯಲ್ಲಿ ತೂರಿ ಮೇಲೆ ಹೋದರು. ಸ್ವಲ್ಪ ಹೊತ್ತು ಟಾರ್ಚಿನ ಬೆಳಕು ಆಡಿತು.

"ಅಲ್ರೀ, ಇಳಿದಿದೆಯಲ್ರೀ ತೂಕ! ಮೂವತ್ತೆರಡು ಅಡಿ ಸರಿಯಾಗಿದೆ. ಕಟಕಟನೂ ಇಲ್ಲ, ಪಟಪಟನೂ ಇಲ್ಲ. ಏನು ಬರ್ದಿದೀರಿ ಮತ್ತೆ? ಬನ್ನಿ ಮೇಲೆ."

ಅಕ್ಕ ಅವನ ತೋಳು ಹಿಡಿದು ಪಿಸುಗುಟ್ಟಿದಳು: "ನಾನು ಹೋಗ್ಲಾ? ತಲೆ ಸುತ್ತು ಅಂತ ಹೇಳು."

ಗಂಟೆಯಣ್ಣ ಕಿಂಡಿಯನ್ನೇ ನೋಡುತ್ತಿದ್ದ. ಭಯ ಇತ್ತು. ಆದರೆ ಭಯದ ಮಗ್ಗುಲಲ್ಲೇ ಇನ್ನೊಂದು ಕೂತು ಅವನನ್ನು ತಿವಿಯುತ್ತಿತ್ತು: ಈಗ ಎಲ್ಲಿಯ ತನಕ ಹೋಗಬಹುದು? ಹನ್ನೊಂದು ವಾರದಿಂದ ಅವನು ಒಂದು ಸಲವೂ ಪ್ರಯತ್ನಪಟ್ಟಿರಲಿಲ್ಲ.

"ನೋಡೇಬಿಡ್ತೀನಿ ಅಕ್ಕಾ," ಎಂದು ಏಣಿ ಹತ್ತಿದ.

ತಲೆ ಹೋಯಿತು. ಎರಡೂ ಕೈ ಹೋಯಿತು. ಭುಜ ಹೋಯಿತು. ಎದೆ, ಅಂದು ಸಿಕ್ಕಿಹಾಕಿಕೊಂಡಿದ್ದ ಅದೇ ಎದೆ, ಹಲಗೆಗೆ ಸವರಿಕೊಂಡು ಹೋಯಿತು. ಆಮೇಲೆ ಹೊಟ್ಟೆ ಬಂತು. ಹೊಟ್ಟೆ ನಿಂತಿತು. ಗಂಟೆಯಣ್ಣ ಉಸಿರು ಬಿಟ್ಟ, ಎಳೆದ, ಎಡಕ್ಕೆ ವಾಲಿದ, ಬಲಕ್ಕೆ ವಾಲಿದ. ಇಲ್ಲ. ಬಿಗಿಯಾಗಿ ಹಿಡಿದಿರಲಿಲ್ಲ, ಕೆಳಗೆ ಬೇಕಾದರೆ ಜಾರಬಹುದಿತ್ತು. ಮೇಲಕ್ಕೆ ಮಾತ್ರ ಆಗದು.

ಸಾಹೇಬರು 'ಕೈ ಕೊಡಿ' ಎಂದು ಬಗ್ಗಿದವರು ಹಾಗೇ ನಿಂತರು. ಅವರಿಗೆ ಅರ್ಥವಾಯಿತು.

"ಎಷ್ಟು ದಿನದಿಂದ ಹೀಗೆ?"

"ಮೂರು ತಿಂಗಳು ಆಯ್ತು ಸಾರ್."

"ಮತ್ತೆ ಕೀಲಿ ಕೊಡ್ತಿದ್ದದ್ದು ಯಾರು?"

"ನಾನು!" ಎಂದು ಕೆಳಗಿನಿಂದ ಅಕ್ಕನ ದನಿ ಬಂತು. "ಸಂಬಳ ಅವನಿಗೇ ಹೋಗಿದೆ ಸ್ವಾಮಿ, ನಿಮ್ಮ ಲೆಕ್ಕ ಕೆಟ್ಟಿಲ್ಲ!"

"ನೀವು ಸುಮ್ನಿರೀಮ್ಮಾ. ನೋಡಿ, ನೀವು ಕೈಯಿಂದ ಕೀಲಿ ಕೊಡೋ ಹಾಗಿದ್ರೆ ಮಾತ್ರ ಅಂತ ಹೋದ ವರ್ಷವೇ ಹೇಳಿದ್ವಿ. ನಾನು ಹೋಗಿ ಬರೀಬೇಕಾಗುತ್ತೆ. ಸ್ವಲ್ಪ ಸರೀರಿ, ಇಳೀತೀನಿ."

ಆದರೆ ಎಲ್ಲಿ ಇಳಿಯುವುದು? ಕೋಣೆಗೆ ಇದ್ದದ್ದು ಅದೊಂದೇ ಬಾಗಿಲು, ಆ ಬಾಗಿಲಿಗೆ ಈಗ ಗಂಟೆಯಣ್ಣನೇ ಬಾಗಿಲು. ಸಾಹೇಬರು ಅವನನ್ನು ನೋಡಿದರು. ಅವನು ಸಾಹೇಬರನ್ನು ನೋಡುತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ ಗಡಿಯಾರದ ಕೋಣೆ ನೋಡುತ್ತಿದ್ದ. ಹಿತ್ತಾಳೆಯ ಚಕ್ರ, ಬಿಳಿ ಗಾಜಿನ ಹಿಂದಿನಿಂದ ತಿರುಗುಮುರುಗಾಗಿ ಕಾಣುವ ಮುಳ್ಳು, ಎಣ್ಣೆಯ ವಾಸನೆ. ನೆಲದ ಮಟ್ಟದಿಂದ ಎಲ್ಲವೂ ಬೇರೆ ಥರ ಕಾಣುತ್ತಿತ್ತು. ಕೀಲಿ ಕೊಡುವ ಹಿಡಿಕೆಯೂ ಹಾಗೇ. ನಿಂತು ತಿರುಗಿಸುವಾಗ ಅದು ಸೊಂಟಕ್ಕೆ ಬರುತ್ತಿತ್ತು; ಈಗ ಮುಖದ ಎದುರಿಗೇ, ಒಂದು ತೋಳಿನ ದೂರದಲ್ಲಿ ಇತ್ತು.

ಕೈ ಚಾಚಿದ. ಸಿಕ್ಕಿತು.

"ಏನ್ ಮಾಡ್ತಿದೀರಿ?"

"ಕೈಯಿಂದ ಅಂತ ತಾನೆ ಸಾರ್ ನಿಮ್ಮ ಕಾಗದದಲ್ಲಿ ಇರೋದು? ಕಾಲಿನ ಸುದ್ದಿ ಇಲ್ವಲ್ಲ. ಕೈ ಒಳಗಿದೆ. ಕಾಲು ಎಲ್ಲಾದ್ರೂ ಇರ್ಲಿ." ಕೆಳಗೆ ಕೂಗಿದ: "ಅಕ್ಕಾ, ಏಣಿ ಗಟ್ಟಿಯಾಗಿ ಹಿಡ್ಕೋ! ನರ್ಸಮ್ಮಾ, ಎಣಿಸಿ, ನಂಗೆ ಏಳಾದ ಮೇಲೆ ತಪ್ಪುತ್ತೆ!"

ಒಂದು, ಎರಡು, ಮೂರು. ಕೆಳಗೆ ದೂರದಲ್ಲಿ ಕಬ್ಬಿಣದ ಗುಂಡು ಅಲ್ಲಾಡಿ ಮೇಲೇರತೊಡಗಿತು. ಹೋಗಲು ದಾರಿಯಿಲ್ಲದ ಸಾಹೇಬರು ಒಂದು ಮರದ ತೊಲೆಯ ಮೇಲೆ ಕೂತರು. ಕೂತವರಿಗೆ ಕತೆ ಹೇಳದೆ ಬಿಟ್ಟು ಗಂಟೆಯಣ್ಣನಿಗೆ ಗೊತ್ತಿಲ್ಲ. ಇಟ್ಟಿಗೆ ಮೂಸಿದ್ದು, ಬಿದ್ದದ್ದು, ಬಿಸ್ಕತ್ತು ಎಣಿಸಿದ್ದು, ಚೀಟಿ ಅದಲುಬದಲಾದದ್ದು, ಎಲ್ಲ ಬಂತು. ಐವತ್ತನೆಯ ಸುತ್ತಿಗೆ ಸಾಹೇಬರ ಮುಖ ಸಡಿಲಿತು. ನೂರರ ಹೊತ್ತಿಗೆ ಕರವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು, ನಕ್ಕು ನಕ್ಕು. ನೂರ ಐವತ್ತಕ್ಕೆ ಗಂಟೆಯಣ್ಣ ನಿಂತು ಉಸಿರು ತೆಗೆದುಕೊಂಡ. ಬೆವರು ಮೂಗಿನ ತುದಿಯಿಂದ ಹಲಗೆಗೆ ಬೀಳುತ್ತಿತ್ತು.

"ಇಷ್ಟು ದಿನದಲ್ಲಿ ಇಳಿದದ್ದು ಎಷ್ಟು?" ಎಂದು ಸಾಹೇಬರು ಕೇಳಿದರು.

"ನಾಲ್ಕೂವರೆ ಕಿಲೋ."

"ಪೂರ್ತಿ ಒಳಗೆ ಬರೋಕೆ ಇನ್ನೂ ಎಷ್ಟು ದಿನ ಬೇಕು?"

ಕೆಳಗೆ ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ತಮ್ಮ ಈಗ 'ಹತ್ತು ದಿನ' ಎನ್ನುತ್ತಾನೆ, ಸಾಹೇಬರು ಹನ್ನೊಂದನೆಯ ದಿನ ಮೋಟಾರು ತರುತ್ತಾರೆ.

"ಗೊತ್ತಿಲ್ಲ ಸಾರ್," ಎಂದ ಗಂಟೆಯಣ್ಣ. "ಕೆಲವು ವಾರ ಇಳಿಯುತ್ತೆ, ಕೆಲವು ವಾರ ಇಳಿಯಲ್ಲ. ಆರು ತಿಂಗಳು ಆಗ್ಬಹುದು, ವರ್ಷನೂ ಆಗ್ಬಹುದು. ಅಲ್ಲಿಯ ತನಕ ಇಲ್ಲಿಂದ್ಲೇ ಕೊಡ್ತೀನಿ. ಎಣ್ಣೆ ಬಿಡೋಕೆ ಮಾತ್ರ ಆಗಲ್ಲ, ಅದಕ್ಕೆ ಅಕ್ಕ ಬೇಕು. ಇದು ನಿಜ. ಬೇರೆ ಏನು ಹೇಳಿದ್ರೂ ಸುಳ್ಳಾಗುತ್ತೆ."

ಸಾಹೇಬರು ನಾಲ್ಕು ಪೆನ್ನಿನಲ್ಲಿ ಒಂದನ್ನು ತೆಗೆದರು. ಚೀಟಿಯ ಹಿಂದೆ ಏನೋ ಬರೆದು, ಗಟ್ಟಿಯಾಗಿ ಓದಿದರು: "'ಪರೀಕ್ಷಿಸಲಾಯಿತು. ಕೈಯಿಂದಲೇ ಕೀಲಿ ಕೊಡಲಾಗುತ್ತಿದೆ. ಎಣ್ಣೆಗೆ ಒಬ್ಬರು ಸಹಾಯಕಿ ಇದ್ದಾರೆ. ಮೋಟಾರು ಸದ್ಯಕ್ಕೆ ಬೇಡ.' ಆರು ತಿಂಗಳಿಗೆ ಮತ್ತೆ ಬರ್ತೀನಿ. ಎಲ್ಲಿಯ ತನಕ ಬಂದಿದೀರಿ ಅಂತ ನನಗೂ ನೋಡ್ಬೇಕು."

"ನೂರ ಐವತ್ತು!" ಎಂದು ನರ್ಸಮ್ಮ ಕೆಳಗಿನಿಂದ ಕೂಗಿದಳು. ಹಿಡಿಕೆ ಮತ್ತೆ ತಿರುಗತೊಡಗಿತು.

ಇನ್ನೂರ ಹತ್ತು ಆದಾಗ ಸಾಹೇಬರು ಎದ್ದು ಪ್ಯಾಂಟು ಕೊಡವಿಕೊಂಡರು. "ಹೂಂ, ಈಗ ಬೇಗ ಇಳೀರಿ ನೋಡೋಣ. ನನಗೆ ಹಸಿವಾಗಿದೆ."

"ಬೇಗ ಇಳಿಯೋದು ಬಿಟ್ಟು ಮೂರು ತಿಂಗಳಾಯ್ತು ಸಾರ್," ಎಂದು ಗಂಟೆಯಣ್ಣ ಬಲಗಾಲಿನಿಂದ ಏಣಿಯ ಹಲ್ಲು ತಡಕತೊಡಗಿದ.